ತೊಟ್ಟಿಯಲ್ಲಿ ಕರಗಿದ ಹಲ್ಲು

ಕೊಂಡಿಗೆ ಹಲ್ಲೇ ಇರಲಿಲ್ಲ.

ಲ್ಯಾಬಕ್ಕ ಅದನ್ನು ತಾಮ್ರದ ತಂತಿಯ ಸಮೇತ ನೀರಿನಿಂದ ಎತ್ತಿ ಬೆಳಗಿನ ಬಿಸಿಲಿಗೆ ಹಿಡಿದರು. ನಿನ್ನೆ ತೊಟ್ಟಿಗೆ ಇಳಿಬಿಟ್ಟಾಗ ಹೆಬ್ಬೆರಳಿನ ಉಗುರಿನಷ್ಟು ದಪ್ಪಗೆ ನಿಂತಿದ್ದ ಹಲ್ಲು ಈಗ ಚೀಪಿ ಉಗುಳಿದ ಪೆಪ್ಪರಮೆಂಟಿನಂತೆ ಸವೆದು ಮೊಂಡಾಗಿತ್ತು.

"ಅಯ್ಯೋ ನಿನ್ನ!" ಅಂದರು ಕಬ್ಬಿಣಕ್ಕೆ. ಬೈಯುವುದಕ್ಕೆ ಎದುರಿಗೆ ಬೇರೆ ಯಾರೂ ಇರಲಿಲ್ಲ.

ಮೂವತ್ತನಾಲ್ಕು ವರ್ಷದ ಹಿಂದೆ ಪ್ರೆಸ್ಸಿನ ಕಟಿಂಗ್ ಮಷೀನಿನಲ್ಲಿ ಈ ಕೊಂಡಿ ಜಾರಿ ಬೈಂಡರನ ಎರಡು ಬೆರಳು ಹೋಗಿದ್ದವು. ಫಿಟ್ಟರಣ್ಣ ಸವೆದ ಕೊಂಡಿ ಹಾಕಿದ್ದೇ ಕಾರಣ ಎಂದು ವಿಚಾರಣೆಯ ಕಾಗದ ಹೇಳಿತ್ತು. "ಹೊಸದೇ ಹಾಕಿದ್ದೆ" ಎಂದು ಫಿಟ್ಟರಣ್ಣ ಒಂದೇ ಒಂದು ಸಲ ಹೇಳಿ, ಕೆಲಸ ಬಿಟ್ಟು, ಬಾಯಿ ಮುಚ್ಚಿಕೊಂಡಿದ್ದರು.

ಆ ಮಷೀನಿನಲ್ಲಿ ಉದ್ದನೆಯ ಬ್ಲೇಡು ಮೇಲೆ ನಿಲ್ಲುವುದು ಈ ಕೊಂಡಿಯ ಒಂದು ಹಲ್ಲಿನ ಆಸರೆಯಲ್ಲಿ. ಕೈ ಕೆಳಗೆ ಹಾಳೆ ಜೋಡಿಸುತ್ತಿರುವಾಗ ಹಲ್ಲು ಬಿಟ್ಟರೆ ಬ್ಲೇಡು ಯಾರ ಮುಖವನ್ನೂ ನೋಡುವುದಿಲ್ಲ. ಹಲ್ಲು ತಾನಾಗಿ ಸವೆದಿದ್ದರೆ ನುಣ್ಣಗಿರಬೇಕು. ಯಾರಾದರೂ ಅರ ಹಾಕಿ ಉಜ್ಜಿದ್ದರೆ ಗೆರೆ ಬಿದ್ದಿರಬೇಕು. ಎಣ್ಣೆ ರಕ್ತ ಮೆತ್ತಿದ್ದ ಕೊಂಡಿಯನ್ನು ಅಂದು ಯಾರೂ ಬಿಚ್ಚಿ ನೋಡಿರಲಿಲ್ಲ. ಆಮೇಲೆ ತುಕ್ಕು ಅದನ್ನು ಮುಚ್ಚಿಟ್ಟಿತು.

ಸೋಮವಾರ ತರಬೇತಿ ಶಾಲೆಯವರು ಮಷೀನನ್ನು ಒಯ್ಯಲಿದ್ದರು. ಶಾಲೆಯ ಹಜಾರದಲ್ಲಿ ಅದನ್ನು ನಿಲ್ಲಿಸಿ, ಅದರ ಮೇಲೆ ದುಡಿದವರ ಹೆಸರನ್ನು ಹಿತ್ತಾಳೆಯ ಫಲಕದಲ್ಲಿ ಬರೆಸುತ್ತಾರೆ. "ವಿಚಾರಣೆಯ ಕಾಗದ ಹಾಗಿರುವಾಗ ಫಿಟ್ಟರ್ ಹೆಸರು ಹಾಕೋಕಾಗಲ್ಲಮ್ಮ. ಬೇರೆ ಸಾಕ್ಷಿ ಇದ್ರೆ ತನ್ನಿ," ಅಂದಿದ್ದರು ಶಾಲೆಯ ಮುಖ್ಯಸ್ಥರು.

ಇದ್ದದ್ದು ಒಂದೇ ಸಾಕ್ಷಿ. ಅದನ್ನು ಯಾರೋ ತಿಂದು ಹಾಕಿದ್ದರು.

*

"ಏನಕ್ಕ, ಬೆಳಬೆಳಗ್ಗೆ ಕಬ್ಬಿಣಕ್ಕೆ ಸ್ನಾನ?" ಗೋಡೆಯಾಚೆಯಿಂದ ಟೈಲರಮ್ಮ ತಲೆ ಎತ್ತಿದಳು. ಕೊರಳಲ್ಲಿ ಅಳತೆಪಟ್ಟಿ, ತುಟಿಯಂಚಿನಲ್ಲಿ ಎರಡು ಗುಂಡುಸೂಜಿ.

"ಸ್ನಾನ ನಿನ್ನೆ ಆಯ್ತು ಕಣೆ. ಇವತ್ತು ಪೋಸ್ಟ್‌ಮಾರ್ಟಂ. ಮೊದಲು ಆ ಸೂಜಿ ಬಾಯಿಂದ ತೆಗಿ."

ಟೈಲರಮ್ಮ ಸೂಜಿಗಳನ್ನು ತೋಳಿಗೆ ಚುಚ್ಚಿಕೊಂಡಳು. ಮೂರು ವಾರದ ಹಿಂದೆ ಹಿತ್ತಲಿನಲ್ಲಿ ತುಕ್ಕು ಬಿಡಿಸುವ ಈ ತೊಟ್ಟಿ ಕಟ್ಟುವಾಗ ಅವಳು ಪಾಪ ತನ್ನ ಹೊಸ ಸ್ಟೀಲ್ ತಟ್ಟೆ ಕೊಡಲು ಬಂದಿದ್ದಳು. "ಬೇಡಮ್ಮ, ಸ್ಟೀಲ್ ಕರಗಿದ್ರೆ ನೀರು ವಿಷ ಆಗುತ್ತೆ. ಇದಕ್ಕೆ ತುಕ್ಕು ಹಿಡಿಯೋ ಬಡಪಾಯಿ ಕಬ್ಬಿಣವೇ ಬೇಕು," ಎಂದು ಲ್ಯಾಬಕ್ಕ ವಾಪಸ್ ಕಳಿಸಿದ್ದರು. ಅವಳು ಬೇಸರಿಸಿಕೊಳ್ಳದೆ ಅದೇ ತಟ್ಟೆಯಲ್ಲಿ ಬಿಸ್ಕತ್ತು ಇಟ್ಟು ತಂದಿದ್ದಳು.

ತೊಟ್ಟಿ ಕಟ್ಟಿದ ಆ ದಿನಗಳೇ ಸುಖದವು. ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮು. ಅದರ ತುಂಬ ನೀರು, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚದಂತೆ ವಾಷಿಂಗ್ ಸೋಡಾ. ಹಳೆಯ ರ‍್ಯಾಕಿನ ಹಲಗೆ ಕತ್ತರಿಸಿ, ಪೇಂಟ್ ಕೆರೆದು, ನಾಲ್ಕು ಬದಿಗೆ ನಾಲ್ಕು ತಗಡು. ಮೇಲೆ ಅಡ್ಡಕ್ಕೆ ಒಂದು ಮರದ ಕೋಲು. ಕೋಲಿನಿಂದ ತಗಡಿಗೆ ತಾಗದಂತೆ ತೂಗುಬಿಟ್ಟ ತುಕ್ಕಿನ ಸಾಮಾನು. ಸ್ಕೂಟರ್ ರಿಪೇರಿಯವನು ಅಟ್ಟಕ್ಕೆ ಎಸೆದಿದ್ದ ಬ್ಯಾಟರಿ ಚಾರ್ಜರ್. ಅದರ ಕೆಂಪು ತಂತಿ ತಗಡುಗಳಿಗೆ, ಕಪ್ಪು ತಂತಿ ಸಾಮಾನಿಗೆ.

"ಕೆಂಪು ಕೊಡುತ್ತೆ, ಕಪ್ಪು ಕಾಯುತ್ತೆ." ಕಾಲೇಜಿನ ಲ್ಯಾಬಿನಲ್ಲಿ ಇಪ್ಪತ್ತೊಂಬತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟಿದ್ದನ್ನೇ ಫಿಟ್ಟರಣ್ಣನಿಗೂ ಹೇಳಿದ್ದರು. ಸ್ವಿಚ್ ಹಾಕಿದೊಡನೆ ತುಕ್ಕಿನ ಮೈತುಂಬ ಸಣ್ಣ ಗುಳ್ಳೆಗಳು ಎದ್ದಾಗ ಫಿಟ್ಟರಣ್ಣ ಬೀಡಿಗೆ ಕೈ ಹಾಕಿದ್ದರು. "ಹತ್ತಿರ ಬೆಂಕಿ ಬೇಡ ಅಣ್ಣ, ಆ ಗುಳ್ಳೆ ಹೊತ್ತಿಕೊಳ್ಳುತ್ತೆ!" ಅಂದಿದ್ದಕ್ಕೆ ಅವರು ಬೀಡಿಯನ್ನು ಕಿವಿಯ ಮೇಲಿಟ್ಟುಕೊಂಡು ಇಡೀ ದಿನ ಹಾಗೇ ಕೂತಿದ್ದರು. ಒಂದೊಂದೇ ಗಾಲಿ, ಒಂದೊಂದೇ ಬೋಲ್ಟು ಕರ‍್ರಗಾಗಿ ಹೊರಬಂದು, ಬ್ರಷ್ ತಾಗಿದರೆ ಬೆಳ್ಳಗಾಗುತ್ತಿತ್ತು. ಪ್ರೆಸ್ಸಿನ ಹಳೆಯ ದಿನಗಳೇ ನೀರಿನಿಂದ ಎದ್ದು ಬಂದಂತೆ ಇಬ್ಬರೂ ಅವನ್ನು ಬಿಸಿಲಲ್ಲಿ ಒಣಗಿಸಿ, ಎಣ್ಣೆ ಸವರಿ, ಹಳೇ ಪೇಪರಿನಲ್ಲಿ ಸುತ್ತಿಡುತ್ತಿದ್ದರು.

"ನಿನ್ನೆ ನಾನು ಕಣ್ಣಾಸ್ಪತ್ರೆಗೆ ಹೋಗಿದ್ನಲ್ಲ," ಅಂದರು ಲ್ಯಾಬಕ್ಕ. "ಕಣ್ಣಿಗೆ ಹನಿ ಬಿಟ್ಟು ಸಂಜೆ ಎಲ್ಲ ಮಂಜುಮಂಜು. ಇದನ್ನ ನೋಡಲೇ ಇಲ್ಲ. ಹಗಲಲ್ಲಿ ಯಾರಾದ್ರೂ ಬಂದಿದ್ರಾ?"

"ಪ್ರೆಸ್ ಯಜಮಾನರ ಮಗ ಬಂದಿದ್ದ. ಗೇಟಿನ ಹತ್ರ ಫೋನಲ್ಲಿ ಕೂಗಾಡಿ ಹೋದ."

ಯಜಮಾನರ ಮಗನಿಗೆ ಅಪ್ಪನ ಮೇಲೆ ಮಾತು ಬರಬಾರದು ಎಂಬ ಚಿಂತೆ ಇದ್ದದ್ದು ನಿಜ. ಆದರೆ ಟಾರ್ಚಿಗೆ ಸೆಲ್ಲು ಹಾಕುವಾಗಲೂ ತಲೆಕೆಳಗು ಮಾಡುವವನು ಅವನು. ತೊಟ್ಟಿಯ ಹತ್ತಿರ ಹೋಗಲೂ ಹೆದರುತ್ತಿದ್ದ.

"ಮತ್ತೆ?"

"ಮತ್ತೆ ಯಾರು, ಫಿಟ್ಟರಣ್ಣ. ಎರಡು ಸಲ."

"ಎರಡು ಸಲನಾ? ನಾಲ್ಕು ಗಂಟೆಗೆ ಬಂದು ಸ್ವಿಚ್ ಆರಿಸಿ ಅಂತ ನಾನೇ ಹೇಳಿದ್ದೆ."

"ಅದು ಎರಡನೇ ಸಲ. ಮೊದಲು ನೀವು ಬೀದಿ ತಿರುಗಿದ ಕೂಡಲೇ ಬಂದ್ರು. ನಾನು ಮಾತಾಡಿಸಿದ್ರೆ, 'ಬೀಡಿ ಮರೆತಿದ್ದೆ ಕಣಮ್ಮ' ಅಂದ್ರು. ಬೀಡಿ ಕಿವಿ ಮೇಲೇ ಇತ್ತು!" ಟೈಲರಮ್ಮ ನಕ್ಕಳು. "ವಯಸ್ಸಾಯ್ತಲ್ಲ ಪಾಪ."

ಲ್ಯಾಬಕ್ಕ ನಗಲಿಲ್ಲ. ಫಿಟ್ಟರಣ್ಣನನ್ನು ಅನುಮಾನಿಸುವುದೆಂದರೆ ಹಸಿದು ಕೂತವನೇ ತನ್ನ ಅನ್ನಕ್ಕೆ ಮಣ್ಣು ಹಾಕಿಕೊಂಡ ಎಂದಂತೆ.

*

ಲ್ಯಾಬಿನಲ್ಲಿ ಕಲಿತ ಬುದ್ಧಿ ಒಂದೇ: ಮನಸ್ಸು ಏನನ್ನಾದರೂ ಹೇಳಲಿ, ಮೊದಲು ಕಣ್ಣಿನ ಮಾತು ಕೇಳು.

ಲ್ಯಾಬಕ್ಕ ತಗಡುಗಳನ್ನು ಒಂದೊಂದಾಗಿ ಹೊರಗೆಳೆದರು. ಮೂರು ತಗಡಿನ ಮೇಲೆ ಎಂದಿನಂತೆ ಕಂದು ಲೋಳೆ ದಪ್ಪಗೆ ಕೂತಿತ್ತು. ಕೆಂಪು ತಂತಿ ಹಿಡಿದ ಕಬ್ಬಿಣದ ಹಣೆಬರಹವೇ ಅದು. ಸಾಮಾನು ಉಳಿಯಲಿ ಎಂದು ತಾನು ಸವೆಯುವುದು. ನಾಲ್ಕನೆಯ ತಗಡು ಮಾತ್ರ ತಲೆ ತಿಕ್ಕಿ ಸ್ನಾನ ಮಾಡಿಸಿದ ಮಗುವಿನಂತೆ ಶುಭ್ರವಾಗಿತ್ತು. ಕೊಂಡಿಯ ಹಲ್ಲು ಮುಖ ಮಾಡಿದ್ದದ್ದು ಅದರ ಕಡೆಗೇ.

ಅಂದರೆ ಯಾರೋ ಉಳಿದ ಮೂರು ತಗಡಿನ ತಂತಿ ಕಳಚಿದ್ದರು. ಕೊಂಡಿಯನ್ನು ತಿರುಗಿಸಿ ಹಲ್ಲನ್ನು ನಾಲ್ಕನೆಯ ತಗಡಿನೆದುರು ತಂದಿದ್ದರು. ಕೆಂಪನ್ನು ಕೊಂಡಿಗೆ, ಕಪ್ಪನ್ನು ತಗಡಿಗೆ ಸಿಕ್ಕಿಸಿದ್ದರು. ಕೆಲಸ ಮುಗಿದ ಮೇಲೆ ತಂತಿಗಳನ್ನಷ್ಟೇ ಮೊದಲಿನಂತೆ ಜೋಡಿಸಿದ್ದರು.

ಆದರೂ ಬರಿಯ ಸೋಡಾ ನೀರು ಒಂದು ಹಗಲಿನಲ್ಲಿ ಇಷ್ಟು ಕಬ್ಬಿಣ ತಿನ್ನುವುದಿಲ್ಲ.

ಒಳಗೆ ಹೋಗಿ ಕಪಾಟಿನ ಮೇಲ್ಖಾನೆಯಿಂದ ಕಂದು ಸೀಸೆ ತಂದರು. ನಿವೃತ್ತಿಯ ದಿನ ಎಲ್ಲರೂ ಹೂಗುಚ್ಛ ಕೊಟ್ಟಿದ್ದರೆ ಸ್ಟೋರ್‌ಕೀಪರ್ ಮಾತ್ರ ಸಿಲ್ವರ್ ನೈಟ್ರೇಟ್ ಕೊಟ್ಟಿದ್ದ. "ಹೂವು ನಾಳೆ ಬಾಡುತ್ತೆ ಅಕ್ಕ, ಇದು ಬಾಡಲ್ಲ." ಆ ಸಂಕೋಚದ ಮುಖ ಇವತ್ತಿಗೂ ನೆನಪಿದೆ.

ಎರಡು ಗಾಜಿನ ಲೋಟ. ಒಂದರಲ್ಲಿ ಹೊಸದಾಗಿ ಕದಡಿದ ಸೋಡಾ ನೀರು, ಇನ್ನೊಂದರಲ್ಲಿ ತೊಟ್ಟಿಯದನ್ನು ಸೋಸಿದ್ದು. ಎರಡಕ್ಕೂ ನೊರೆ ನಿಲ್ಲುವ ತನಕ ನೈಟ್ರಿಕ್ ಆಸಿಡ್ಡು, ಆಮೇಲೆ ಸೀಸೆಯಿಂದ ಎರಡೆರಡು ಹನಿ. ಮೊದಲನೆಯದರಲ್ಲಿ ಕನ್ನಡಿಗೆ ಉಸಿರು ಬಿಟ್ಟಷ್ಟು ಮಬ್ಬು. ಎರಡನೆಯದರಲ್ಲಿ ಹಾಲು ಒಡೆದಂತೆ ಬಿಳಿಯ ಗರಣೆ.

ಉಪ್ಪು. ಹಿಡಿಗಟ್ಟಲೆ ಅಡುಗೆ ಉಪ್ಪು.

ಉಪ್ಪು ಕಬ್ಬಿಣ ತಿನ್ನುತ್ತದೆಂದು ಯಾರಿಗೆ ಬೇಕಾದರೂ ಗೊತ್ತಿರಬಹುದು. ಉಪ್ಪುನೀರಿಗೆ ಕರೆಂಟು ಕೊಟ್ಟು, ಬೇಕಾದಲ್ಲಿ ಬೇಕಾದಷ್ಟೇ ತಿನ್ನಿಸುವ ಕೈ ಎಷ್ಟು ಜನರದ್ದು?

ಕೊಂಡಿಯನ್ನು ಮತ್ತೆ ಎತ್ತಲು ಇಕ್ಕಳ ತೆಗೆದುಕೊಂಡರು. ಅದರ ಹಿಡಿಯ ಮೇಲೆ ಸಣ್ಣದಾಗಿ, ದುಂಡಗೆ, 'ಅಕ್ಕ' ಎಂದು ಕೊರೆದಿತ್ತು.

ಪ್ರೆಸ್ಸಿನವರೆಲ್ಲರ ಸ್ಪ್ಯಾನರು, ಕತ್ತರಿಗಳ ಮೇಲೆ ಹೀಗೆ ಹೆಸರಿತ್ತು. ಮೇಣ ಬಳಿದು, ಸೂಜಿಯಿಂದ ಗೀರಿ, ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯೊತ್ತಿ, ಬ್ಯಾಟರಿಯ ಎರಡು ತಂತಿ ತಾಗಿಸಿ ಬರೆದದ್ದು. ಫೋರ್‌ಮನ್ನರ ಹೆಂಡತಿ ಲ್ಯಾಬಕ್ಕನಿಗೂ ಒಂದಿರಲಿ ಎಂದು ಈ ಇಕ್ಕಳಕ್ಕೆ ಬರೆದುಕೊಟ್ಟವರು ಫಿಟ್ಟರಣ್ಣ.

ಲ್ಯಾಬಕ್ಕ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

*

ಹತ್ತು ಗಂಟೆಗೆ ಫಿಟ್ಟರಣ್ಣ ಬಂದರು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಹಳೇ ಪೇಪರಿನ ಕಟ್ಟು. ಲ್ಯಾಬಕ್ಕನಿಗಿಂತ ನಾಲ್ಕು ವರ್ಷ ದೊಡ್ಡವರು, ಆದರೂ ಬೀದಿಯೆಲ್ಲ 'ಅಕ್ಕ' ಎನ್ನುವಾಗ ತಾವೊಬ್ಬರೇ ಯಾಕೆ ಬೇರೆ ಎಂದು ಅವರೂ 'ಅಕ್ಕ' ಅನ್ನುತ್ತಿದ್ದರು.

"ಕಣ್ಣು ಹೇಗಿದೆ ಅಕ್ಕ?"

"ಚೆನ್ನಾಗಿ ಕಾಣ್ತಿದೆ ಅಣ್ಣ. ಬೇಡದ್ದೂ ಕಾಣ್ತಿದೆ." ಕೊಂಡಿಯನ್ನು ಅವರ ಅಂಗೈಯಲ್ಲಿಟ್ಟರು.

ಫಿಟ್ಟರಣ್ಣ ಅದನ್ನು ತಿರುಗಿಸಿ ನೋಡಿದರು. "ಛೆ. ಬರೀ ತುಕ್ಕೇ ಹಲ್ಲಾಗಿ ನಿಂತಿತ್ತು ಅನ್ಸುತ್ತೆ. ಒಳಗೆ ಕಬ್ಬಿಣ ಇರಲೇ ಇಲ್ಲ. ಹೋಗ್ಲಿ ಬಿಡಿ."

"ಹೋಗ್ಲಿ ಬಿಡಿ ಅಂತ ನಾನು ಹೇಳಬೇಕಿತ್ತು, ನೀವು ಅಳಬೇಕಿತ್ತು. ಇದ್ಯಾಕೆ ಉಲ್ಟಾ ಆಗಿದೆ? ತಂತಿ ಥರ?"

ಅವರು ಕಂಕುಳಿನ ಪೇಪರ್ ಕಟ್ಟನ್ನು ಮೆಟ್ಟಿಲ ಮೇಲಿಟ್ಟರು.

"ನಾಲ್ಕನೇ ತಗಡು ಫಳಫಳ ಅಂತಿದೆ. ನೀರಲ್ಲಿ ಉಪ್ಪಿದೆ. ಬೀಡಿ ಕಿವಿ ಮೇಲಿತ್ತು."

ಫಿಟ್ಟರಣ್ಣನ ಮುಖದಲ್ಲಿ ಒಂದು ಸೋತ ನಗು ಕಾಣಿಸಿತು. "ಉಪ್ಪು ತಿಂದವನು ನೀರು ಕುಡೀಬೇಕು ಅಂತಾರೆ. ನಾನು ನೀರಿಗೇ ಉಪ್ಪು ಹಾಕ್ದೆ. ಸಿಕ್ಕಿಬಿದ್ದೆ."

"ಯಾಕಣ್ಣ?" ಲ್ಯಾಬಕ್ಕ ಕೇಳಿದರು. "ನಿಮ್ಮ ಹೆಸರು ಆ ಫಲಕದಲ್ಲಿ ಬರಲಿ ಅಂತ ಮೂರು ವಾರದಿಂದ ಈ ಸೊಂಟ ನೋವಲ್ಲಿ ಬಗ್ಗಿ ಬಗ್ಗಿ ತಿಕ್ಕಿದ್ದೀನಿ. ಬೇಡ ಅಂತಿದ್ರೆ ಮೊದಲೇ ಹೇಳಬಹುದಿತ್ತಲ್ಲ!"

"ಹೇಗೆ ಹೇಳಲಿ? ಇಷ್ಟು ವರ್ಷಕ್ಕೆ ಒಬ್ರು ನನ್ನ ಮಾತು ನಂಬಿ ತೋಳು ಮಡಚಿ ನಿಂತ್ರು. ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಹಲ್ಲು ತುಕ್ಕಲ್ಲೇ ಹೋಗಿರುತ್ತೆ, ಏನೂ ಸಿಗಲ್ಲ ಅಂದ್ಕೊಂಡಿದ್ದೆ. ಮೊನ್ನೆ ಬ್ರಷ್ ಹಾಕುವಾಗ ಅರದ ಗೆರೆ ಕಂಡುಬಿಡ್ತು."

"ಕಂಡ್ರೆ ನಿಮಗೆ ಒಳ್ಳೇದಲ್ವಾ?"

"ನನಗೆ ಒಳ್ಳೇದು. 'ಮಸೆದವರು ಯಾರು' ಅಂತ ಮುಂದಿನ ಪ್ರಶ್ನೆ ಬರುತ್ತಲ್ಲ, ಅದು ನಿಮಗೆ ಒಳ್ಳೇದಲ್ಲ."

ಗೋಡೆಯಾಚೆ ಟೈಲರಮ್ಮನ ಮಷೀನು ಗಡಗಡ ಓಡಿ ನಿಂತಿತು.

"ಹೇಳಿ," ಅಂದರು ಲ್ಯಾಬಕ್ಕ.

"ಶಾಲೆ ಶುರುವಾಗೋ ಮುಂಚಿನ ವಾರ. ನೋಟ್‌ಬುಕ್ಕು ಬೆಟ್ಟದ ಹಾಗೆ ಬಿದ್ದಿತ್ತು. ಪ್ರತಿ ಸಲ ಕೊಂಡಿ ಎತ್ತು, ಮಷೀನಿನ ತೋಳು ಇಳಿಸು, ಮತ್ತೆ ಕೊಂಡಿ ಹಾಕು. ಅದಕ್ಕೇ ಹಲ್ಲನ್ನ ಒಂದು ಕೂದಲಷ್ಟು ಅರ ಹಾಕಿ ಇಡೋರು. ಆಗ ತೋಳು ತಟ್ಟಿದ್ರೆ ಸಾಕು, ಇಳಿಯುತ್ತೆ. 'ಸಲೀಸು ಮಾಡೋದು' ಅಂತಿದ್ರು. ಎಲ್ಲ ಪ್ರೆಸ್ಸಲ್ಲೂ ಇತ್ತು ಆ ಚಾಳಿ. ನಾನು ಮಾತ್ರ ಬಿಡ್ತಿರಲಿಲ್ಲ. ಹಿಂದಿನ ಸಂಜೆ ಹೊಸ ಕೊಂಡಿ ಹಾಕಿ ಬಂದಿದ್ದೆ. ಬೆಳಗ್ಗೆ ಏಳಕ್ಕೆ ಎಣ್ಣೆ ಬಿಡೋಣ ಅಂತ ಹೋದೆ. ಕಿಟಕಿ ಗಾಜಿಂದ ನೋಡಿದ್ರೆ ಒಳಗೆ ಕಬ್ಬಿಣ ಕಚ್ಚಿಹಿಡಿಯೋ ವೈಸ್ ಹತ್ರ ಒಬ್ರು ಬಗ್ಗಿ ಅರ ಹಾಕ್ತಿದ್ರು. ಬೆನ್ನು ನನ್ನ ಕಡೆ ಇತ್ತು."

"ಯಾರು?"

"ಕೆಲಸದ ಕಂದು ಕೋಟು. ಬೆನ್ನಲ್ಲಿ ನೀವು ಹಾಕಿದ್ದ ಚೌಕದ ತೇಪೆ." ಫಿಟ್ಟರಣ್ಣ ನೆಲ ನೋಡಿದರು. "ಫೋರ್‌ಮನ್ನೇ ಮಾಡ್ತಿದ್ದಾರೆ ಅಂದ್ರೆ ಏನೋ ಇರುತ್ತೆ ಅಂದ್ಕೊಂಡು ಟೀ ಕುಡಿಯೋಕೆ ಹೋದೆ. ಕೂಗು ಕೇಳಿ ಓಡಿ ಬರೋಷ್ಟರಲ್ಲಿ ಬೈಂಡರನ್ನ ಆಸ್ಪತ್ರೆಗೆ ಹೊತ್ಕೊಂಡು ಹೋಗಿಬಿಟ್ಟಿದ್ರು."

ಆ ತೇಪೆಯನ್ನು ಲ್ಯಾಬಕ್ಕ ಹೊಲಿದದ್ದು ಗಂಡನ ಕೋಟಿಗೆ. ಗಂಡ ತೀರಿಹೋಗಿ ಆರು ವರ್ಷ. ಫಿಟ್ಟರಣ್ಣನ ಮಾತು ಬಂದಾಗಲೆಲ್ಲ ಅವರು ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಅದು ಗೆಳೆಯನಿಗಾದ ಅನ್ಯಾಯದ ಸಂಕಟ ಎಂದು ಆಕೆ ತಿಳಿದಿದ್ದರು. ಅದು ಇದೇ ಆಗಿತ್ತೆ?

"ನೀವು ಯಾರ ಹತ್ರಾನೂ ಹೇಳಲಿಲ್ಲ."

"ಹೇಳಿದ್ರೆ ಮನೆ ಬೀಳ್ತಿತ್ತು ಅಕ್ಕ. ಮಗು ಸಣ್ಣದು. ನಿಮಗಿನ್ನೂ ಕಾಲೇಜಲ್ಲಿ ಕೆಲಸ ಆಗಿರಲಿಲ್ಲ. ನಾನು ಒಂಟಿ ಪ್ರಾಣಿ, ಎಲ್ಲಿ ಬೇಕಾದ್ರೂ ಸ್ಪ್ಯಾನರ್ ಹಿಡ್ಕೊಂಡು ಬದುಕ್ತೀನಿ ಅಂದ್ಕೊಂಡೆ. ಬದುಕಿದೆ." ಕೊಂಡಿಯನ್ನು ಪೇಪರಿನ ಮೇಲಿಟ್ಟರು. "ಒಂದೇ ಕೊರಗು. ಬೈಂಡರ್ ನನ್ನ ಮುಖ ನೋಡೋದು ಬಿಟ್ಟ. ಒಂದೇ ಟೀ ಎರಡು ಲೋಟಕ್ಕೆ ಹಂಚಿ ಕುಡಿದವರು ನಾವು. ಅವನ ಬೆರಳು ತೆಗೆದವನು ನಾನೇ ಅಂತ ಅವನೂ ನಂಬಿಬಿಟ್ಟ."

ಎರಡು ಬೆರಳಿಲ್ಲದ ಕೈಗೆ ಸೂಜಿ ಹಿಡಿಯಲು ಆಗಲೆಂದು ಫಿಟ್ಟರಣ್ಣ ಅಲ್ಯೂಮಿನಿಯಂ ಹಿಡಿಕೆಯೊಂದನ್ನು ಮಾಡಿ, ಯಾರು ಕೊಟ್ಟರೆಂದು ಹೇಳಬೇಡಿ ಎಂದು ಲ್ಯಾಬಕ್ಕನ ಕೈಯಲ್ಲಿ ಕಳಿಸಿದ್ದರು. ಬೈಂಡರ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಒಂದು ಮಾತೂ ಕೇಳದೆ, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ.

ಲ್ಯಾಬಕ್ಕ ಭೂತಗನ್ನಡಿ ತೆಗೆದುಕೊಂಡು ಕೊಂಡಿಯ ಮೇಲೆ ಹಿಡಿದರು. "ಕರೆಂಟು ಎದುರಿಗೆ ಕಂಡಿದ್ದನ್ನ ಮೊದಲು ತಿನ್ನುತ್ತೆ ಅಣ್ಣ. ಮೂಲೆಗೆ ಹೋಗೋಕೆ ಅದಕ್ಕೂ ಸೋಮಾರಿತನ. ಹಲ್ಲಿನ ಬುಡ ನೋಡಿ."

ಬುಡದ ಸಂದಿಯಲ್ಲಿ ಮೂರು ಗೆರೆ, ಬಾಚಣಿಗೆ ಎಳೆದಂತೆ ಒಂದರ ಪಕ್ಕ ಒಂದು. ಅರದ ಗೆರೆ.

"ನಿಮ್ಮ ತಪ್ಪಲ್ಲ ಅನ್ನೋದಕ್ಕೆ ಇಷ್ಟು ಸಾಕು."

"ಅಕ್ಕ, ಕೈ ಮುಗೀತೀನಿ. ಬೇಡ. ಅವರು ಇಲ್ಲದಿರುವಾಗ..."

"ತಡೀರಿ. ಎಷ್ಟು ಗಂಟೆ ಅಂದ್ರಿ?"

"ಏಳು. ಗಿರಣಿ ಸೈರನ್ ಆಗಷ್ಟೇ ಕೂಗಿತ್ತು."

"ಅಪಘಾತದ ದಿನವೇ? ಹಿಂದಿನ ದಿನ ಅಲ್ವಲ್ಲ?"

"ಆ ದಿನ ಮರೆಯೋಕಾಗುತ್ತಾ?"

ಲ್ಯಾಬಕ್ಕನ ಕೈಯಲ್ಲಿ ಭೂತಗನ್ನಡಿ ನಿಂತೇ ಇತ್ತು. ಬಾಯಿಂದ ಮಾತು ನಿಧಾನವಾಗಿ ಬಂತು. "ಆ ಬೆಳಗ್ಗೆ ಏಳಕ್ಕೆ ಇವರು ಆಸ್ಪತ್ರೆಯಲ್ಲಿದ್ರು ಅಣ್ಣ. ನನ್ನ ಪಕ್ಕದಲ್ಲಿ. ಹಿಂದಿನ ರಾತ್ರಿ ಮಗಳಿಗೆ ಜ್ವರ ನೆತ್ತಿಗೇರಿ ಸೆಳೆತ ಬಂದಿತ್ತು. ಸುದ್ದಿ ಕೇಳಿ ಪ್ರೆಸ್ಸಿಂದ ಇದ್ದಂಗೇ ಓಡಿಬಂದ್ರು. ಬೆಳಗ್ಗೆ ಒಂಬತ್ತರ ತನಕ ಬೆಂಚಿನ ಮೇಲೆ ಮಗುವಿನ ಪಾದ ಅಂಗೈಯಲ್ಲಿ ಹಿಡ್ಕೊಂಡು ಕೂತಿದ್ರು. ಮಳೇಲಿ ನೆನೆದು ಚಳಿಗೆ ಗಡಗಡ ನಡುಗ್ತಿದ್ರು. ಕೋಟು ಪ್ರೆಸ್ಸಲ್ಲೇ ಮೊಳೆಗೆ ನೇತಾಕಿ ಬಂದಿದ್ರು."

ಫಿಟ್ಟರಣ್ಣನ ಬಾಯಿ ತೆರೆದುಕೊಂಡಿತು. ಮೂವತ್ತನಾಲ್ಕು ವರ್ಷ ಹೊತ್ತ ಮೂಟೆಯನ್ನು ಇಳಿಸಿ ಬಿಚ್ಚಿದರೆ ಒಳಗೆ ಏನೂ ಇರಲಿಲ್ಲ.

"ಅವರಲ್ಲ," ಅಂದರು. "ಫೋರ್‌ಮನ್ ಅಲ್ಲವೇ ಅಲ್ಲ. ಅಯ್ಯೋ ಅಕ್ಕ, ಸತ್ತವರ ಮೇಲೆ ನಾನು..." ಕಣ್ಣೊರೆಸಿಕೊಂಡು ತಟ್ಟನೆ ತಲೆ ಎತ್ತಿದರು. "ಮತ್ತೆ ಆ ಕೋಟಿನೊಳಗೆ ಇದ್ದವನು ಯಾರು?"

ಉತ್ತರ ಆಗಲೇ ಲ್ಯಾಬಕ್ಕನ ಕಣ್ಣ ಮುಂದೆ ಬಂದು ನಿಂತಿತ್ತು.

ಅದೇ ಆಸ್ಪತ್ರೆಗೆ ಅದೇ ಬೆಳಗ್ಗೆ ಬೈಂಡರನನ್ನು ಹೊತ್ತು ತಂದಿದ್ದರು. ಅವನ ಮೈಮೇಲೆ ಗಂಡನ ಕಂದು ಕೋಟಿತ್ತು. ಪಾಪ, ನಡುಗುತ್ತಾನೆಂದು ಯಾರೋ ಹೊದಿಸಿದ್ದಾರೆ ಎಂದುಕೊಂಡು, ಆ ಯಾರೋ ಒಬ್ಬರ ಒಳ್ಳೆಯತನವನ್ನು ಆಕೆ ಇಷ್ಟು ವರ್ಷ ನೆನೆಯುತ್ತ ಬಂದಿದ್ದರು. ನರ್ಸಿನ ಜೊತೆ ನಿಂತು ಅದನ್ನು ಬಿಚ್ಚಿದ್ದೂ ಅವರೇ, ಮನೆಗೆ ತಂದು ಒಗೆದದ್ದೂ ಅವರೇ.

ಗುಂಡಿ ಹಾಕಿತ್ತು. ಎರಡೂ ಕೈ ತೋಳಿನೊಳಗಿದ್ದವು. ರಕ್ತ ಬಲತೋಳಿನ ಅಂಚಿನಿಂದ ಮೊಣಕೈ ತನಕ ಹೊರಗಿನಿಂದ ಚಿಮ್ಮಿತ್ತು. ಬೆರಳು ಕತ್ತರಿಸಿಹೋದ ಕೈಯನ್ನು ಯಾರು ಕೋಟಿನ ತೋಳಿನೊಳಗೆ ತೂರಿಸಿ ಗುಂಡಿ ಹಾಕುತ್ತಾರೆ?

ಬ್ಲೇಡು ಬೀಳುವ ಮೊದಲೇ ಬೈಂಡರ ಆ ಕೋಟು ತೊಟ್ಟಿದ್ದ. ಅರ ಹಾಕಿದವನು ಅವನೇ. ವಿಚಾರಣೆಯಲ್ಲಿ ಬಾಯಿಬಿಡದೆ ಕೂತವನೂ ಅವನೇ.

"ಹೇಳಿ ಅಕ್ಕ, ಯಾರಾದ್ರೂ ನೆನಪಾಗ್ತಾರಾ?" ಫಿಟ್ಟರಣ್ಣ ಎದ್ದು ನಿಂತಿದ್ದರು. ಅವರ ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು. "ಯಾರಾದ್ರೂ ಆಗ್ಲಿ, ಹಾಳಾಗ್ಲಿ. ಈಗ ನಾನು ಬಾಯಿಬಿಟ್ರೆ ನಿಮ್ಮನೆಗೆ ಏನೂ ಆಗಲ್ಲ ತಾನೇ? ಬೈಂಡರ್ ಹತ್ರ ಹೋಗ್ತೀನಿ. ಈಗಲೇ. ಈ ಗೆರೆ ತೋರಿಸಿ, 'ನಾನಲ್ಲ ಕಣೋ, ನಿನ್ನ ಬೆರಳು ತೆಗೆದವನು ನಾನಲ್ಲ' ಅಂತ ಹೇಳ್ತೀನಿ."

ಲ್ಯಾಬಕ್ಕ ಕೊಂಡಿಯನ್ನು ಪೇಪರಿನಲ್ಲಿ ಸುತ್ತಿದರು. ಇನ್ನೊಂದು ಹಾಳೆ ತೆಗೆದು ಮತ್ತೆ ಸುತ್ತಿದರು. ಸತ್ಯವನ್ನು ಉಪ್ಪುನೀರಿಗೆ ಹಾಕಲು ಒಬ್ಬ ಒಳ್ಳೆಯ ಮನುಷ್ಯನಿಗೆ ಯಾಕೆ ಮನಸ್ಸಾಯಿತೆಂದು ಆಕೆಗೆ ಈಗ ಚೆನ್ನಾಗಿ ಅರ್ಥವಾಗಿತ್ತು.

"ನೀವೊಬ್ರೇ ಹೋಗಬೇಡಿ," ಅಂದರು. "ನಾನೂ ಬರ್ತೀನಿ."

"ಬನ್ನಿ ಬನ್ನಿ, ಒಳ್ಳೇದೇ ಆಯ್ತು. ನೀವು ಹೇಳಿದ್ರೆ ಅವನು ನಂಬ್ತಾನೆ." ಫಿಟ್ಟರಣ್ಣ ನಲ್ಲಿಯಲ್ಲಿ ಮುಖ ತೊಳೆದರು. ಒದ್ದೆ ಕೈಯಿಂದ ಇದ್ದ ನಾಲ್ಕು ಕೂದಲನ್ನು ಹಿಂದಕ್ಕೆ ಬಾಚಿಕೊಂಡರು. ಗೇಟಿನ ತನಕ ಹೋದವರು ಯಾಕೋ ಹಿಂದಿರುಗಿ ನಿಂತು, ಹೆಣ್ಣು ನೋಡಲು ಹೊರಟವರಂತೆ ಸಂಕೋಚದಿಂದ ಕಾಲರ್ ಸರಿಮಾಡಿಕೊಂಡರು.

"ಅಂಗಿ ಸರಿಯಾಗಿದೆಯಾ ಅಕ್ಕ? ಎಷ್ಟು ವರ್ಷ ಆಯ್ತು, ಅವನು ನನ್ನ ನೋಡಿ."